ರಕ್ತದ ಹೆಪ್ಪು, ಸಿಲಿಕೋನ್ ನಾಳ: ಮಾಡೆಲ್ ಎಲ್ಲಿಗೆ ಬಂತು

ಕ್ಯಾಥ್‌ಲ್ಯಾಬ್‌ಗೆ, ಅಂದರೆ ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಗೆ, ಹೊಸದಾಗಿ ಸೇರುವ ಹುಡುಗರಿಗೆ ತೋರಿಸಲು ಮಾಡುತ್ತಿರುವ ರಕ್ತನಾಳದ ಮಾಡೆಲ್ ಕೊನೆಗೂ ಸೋರದೆ ಓಡುತ್ತಿದೆ. ಅಂದರೆ, ಸೋರಬೇಕಾದ ಜಾಗದಲ್ಲಿ ಮಾತ್ರ ಸೋರುತ್ತಿದೆ! ಸಿಲಿಕೋನ್ ಟ್ಯೂಬು, ವೈ ಕನೆಕ್ಟರು, ಮೀನಿನ ತೊಟ್ಟಿಯ ಮೋಟರು. ಒಂದು ಕವಲಿನಲ್ಲಿ ಸಣ್ಣ ತೂತು. ಕ್ಯಾತಿಟರ್ ಎಂಬ ತೆಳು ಕೊಳವೆಯಲ್ಲಿ ರಕ್ತದ ಹೆಪ್ಪು ಬಿಟ್ಟು ಅದನ್ನು ಮುಚ್ಚಬೇಕು.

ಹಳೆಯ ವಿದ್ಯೆ ಇದು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಜೋಸೆಫ್ ರೋಶ್, ಚಾರ್ಲ್ಸ್ ಡಾಟರ್ ಮತ್ತು ಸಂಗಡಿಗರು ಹೊಟ್ಟೆಯೊಳಗಿನ ರಕ್ತಸ್ರಾವವನ್ನು ರೋಗಿಯದೇ ರಕ್ತದ ಹೆಪ್ಪಿನಿಂದ ನಿಲ್ಲಿಸಿ 1972ರಲ್ಲಿ ವರದಿ ಮಾಡಿದರು. ದುಡ್ಡು ಕೊಟ್ಟು ತರಬೇಕಿಲ್ಲ, ಮೈಗೆ ಒಗ್ಗದ ವಸ್ತುವೂ ಅಲ್ಲ. ಆದರೆ ದೇಹ ಆ ಹೆಪ್ಪನ್ನು ಕರಗಿಸಿಬಿಡುತ್ತದೆ, ನಾಳ ಮತ್ತೆ ತೆರೆದುಕೊಳ್ಳುತ್ತದೆ. ನಾಳ ಮುಚ್ಚುವ ಲೋಹದ ಸುರುಳಿ (ಕಾಯಿಲ್), ಸ್ಪಂಜಿನಂಥ ಜೆಲ್‌ಫೋಮ್ ಬಂದ ಮೇಲೆ ಇದರ ಬಳಕೆ ಕಡಿಮೆಯಾಯಿತು. ಹಾಗಂತ ಮೂಲೆಗೆ ಸೇರಿಲ್ಲ. ಪೆಟ್ಟು ಬಿದ್ದು ಶಿಶ್ನದ ರಕ್ತನಾಳ ಹರಿದು, ನಿಮಿರಿದ್ದು ಇಳಿಯದೇ ಹೋದಾಗ ಆ ನಾಳವನ್ನು ಕಾಯಂ ಆಗಿ ಮುಚ್ಚಲು ಅನೇಕರಿಗೆ ಮನಸ್ಸಾಗುವುದಿಲ್ಲ. ಅಲ್ಲಿ ಕರಗುವುದೇ ಇದರ ಗುಣ. ನನಗೆ ಈ ಮಾಡೆಲ್ ಮಾಡುವ ಹುಚ್ಚು ಹತ್ತಿದ್ದೇ ಇದಕ್ಕೆ.

ರಕ್ತ ಮಟನ್ ಅಂಗಡಿಯದು. ಸಿಟ್ರೇಟ್ ಹಾಕಿದ ಬಾಟಲಿ ಕೊಟ್ಟಾಗ ಅಂಗಡಿಯವರು, 'ಏನ್ ಸಾರ್, ರಕ್ತಕ್ಕೂ ಔಷಧಿನಾ?' ಅಂದರು. ಮನೆಗೆ ತರುವವರೆಗೆ ಹೆಪ್ಪುಗಟ್ಟಬಾರದು, ಅಲ್ವಾ? ತಂದ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಸುಮ್ನೆ ಬಿಟ್ಟರೆ ಕಟ್ಟಿಕೊಳ್ಳುತ್ತದೆ. ರೋಗಿಯ ರಕ್ತಕ್ಕೆ ಇದೆಲ್ಲ ಬೇಡ, ಬಟ್ಟಲಲ್ಲಿ ಬಿಟ್ಟರೆ ಸಾಕು. ಸುತ್ತ ಬಿಟ್ಟುಕೊಂಡ ಹಳದಿ ನೀರನ್ನು ಬಸಿದು, ಹೆಪ್ಪನ್ನು ಬ್ಲೇಡಿನಲ್ಲಿ ಸಣ್ಣಗೆ ಹೆಚ್ಚಿ, 1 ಮಿಲಿ ಸಿರಿಂಜಿಗೆ ತುಂಬಿದೆ. ಮೆಲ್ಲಗೆ ಒತ್ತಿದರೆ ಶಾವಿಗೆ ಎಳೆಯ ಹಾಗೆ ಇಳಿದು ತೂತಿನ ಕವಲಿನಲ್ಲಿ ಕೂರುತ್ತದೆ. ಜೋರಾಗಿ ಒತ್ತಿದರೆ ಹಿಂದಕ್ಕೆ ಚಿಮ್ಮಿ ಪಕ್ಕದ ಕವಲಿಗೆ ಹೋಗುತ್ತದೆ. ರೋಗಿಯಲ್ಲಿ ಹಾಗಾದರೆ ಚೆನ್ನಾಗಿರುವ ಅಂಗಕ್ಕೆ ರಕ್ತ ನಿಲ್ಲುತ್ತದೆ. ಹುಡುಗರು ನೋಡಬೇಕಾದ್ದೇ ಅದನ್ನು.

ಟ್ಯೂಬಿನಲ್ಲಿ ಓಡುತ್ತಿರುವುದು ಸಲೈನ್. ಬರೀ ನೀರಾದರೆ ಕೆಂಪು ಕಣಗಳು ಒಡೆದು ಹೆಪ್ಪು ಬಿಳಿಚಿಕೊಳ್ಳುತ್ತದೆ. ಇಲ್ಲಿ ಹೆಪ್ಪು ಕರಗುವುದನ್ನು ತೋರಿಸುವುದಕ್ಕಂತೂ ಆಗುವುದಿಲ್ಲ. ದೇಹದಲ್ಲಿ ಕರಗುವ ಹಾಗೆ ಬರೀ ಸಲೈನ್‌ನಲ್ಲಿ ಅದು ಕರಗುವುದಿಲ್ಲ.

ಮುಂದಿನ ಕೆಲಸ ಶ್ವಾಸಕೋಶದ ಬಯಾಪ್ಸಿಯ ಮಾಡೆಲ್, ಅಂದರೆ ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆಯುವುದು. ಅಲ್ಲಿ ಸೂಜಿ ಹೊರಗೆಳೆಯುತ್ತಾ ಅದೇ ದಾರಿಯಲ್ಲಿ ರೋಗಿಯ ರಕ್ತ ಬಿಡುತ್ತಾರೆ, ಗಾಳಿ ಸೋರದಿರಲಿ ಅಂತ. ಗಾಳಿ ತುಂಬಿದ ಸ್ಪಂಜನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ನೋಡುವ ಯೋಚನೆ. ಸ್ಪಂಜಿಗೆ ಯಾವ ಹೊದಿಕೆ ಹಾಕಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಬಲೂನು ಪ್ರಯತ್ನಿಸುತ್ತಿದ್ದೇನೆ.