ಬೆಟ್ಟದಿಂದ ಜನರೇಟರ್ ಇಳಿಸಿದ ದಿನ

ಕೋಲಾರದ ಶತಶೃಂಗ ಬೆಟ್ಟ ಅಂದ್ರೆ ಹೊರಗಿನವರಿಗೆ ಅಂತರಗಂಗೆ ನೆನಪಾಗುತ್ತೆ. ಬಸವನ ಬಾಯಿಂದ ಬೀಳುವ ನೀರು, ಮೆಟ್ಟಿಲು, ಕೋತಿಗಳು. ಆದರೆ ಬೆಟ್ಟದ ಮೇಲೆ ಊರುಗಳೂ ಇವೆ, ಹೊಲಗಳೂ ಇವೆ. ಅಂಥ ಒಂದು ಊರಲ್ಲಿ ನಮ್ಮ ದೊಡ್ಡಮ್ಮ ಇರುತ್ತಾರೆ. ಅವರ ಮೊಮ್ಮಗಳ ಮದುವೆ ಮನೆ ಮುಂದೆಯೇ ಚಪ್ಪರ ಹಾಕಿ ಆಯಿತು. ಕರೆಂಟ್ ನಂಬಿಕೊಂಡು ಕೂರೋದು ಬೇಡ ಅಂತ ಕೋಲಾರದಿಂದ ಜನರೇಟರ್ ತರಿಸಿದ್ದರು. ಎರಡು ಚಕ್ರದ ಟ್ರೇಲರ್ ಮೇಲೆ ಅದನ್ನು ಕೂರಿಸಿ ಹಗ್ಗ ಬಿಗಿದಿದ್ದರು. ಎಳೆದು ತಂದದ್ದು ದೊಡ್ಡಮ್ಮನ ಮಗ, ನನಗೆ ಅಣ್ಣ. ಅವನದು ಹಳೆಯ ಫೋರ್ ಬೈ ಫೋರ್ ಜೀಪು, ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಇಂಜಿನ್ ಬಲ ಕೊಡುವಂಥದ್ದು.

ಹತ್ತುವಾಗ ಎಲ್ಲರೂ ಇಂಜಿನ್ ಹೊಗಳಿದ್ದೇ ಹೊಗಳಿದ್ದು. ಅಣ್ಣ ಮಾತ್ರ ಸುಮ್ನಿದ್ದ. ಮದುವೆ ಮುಗಿದ ಮಾರನೇ ದಿನ ಇಳಿಸುವ ಹೊತ್ತಿಗೆ ಬಾಯಿ ಬಿಟ್ಟ. "ಎಷ್ಟು ಎಳೀತೈತೆ ಅಂತ ಎಲ್ಲರೂ ಕೇಳ್ತಾರೆ ಕಣೋ. ಎಷ್ಟು ನಿಲ್ಲಿಸ್ತೈತೆ ಅಂತ ಒಬ್ಬರೂ ಕೇಳಲ್ಲ."

ಬಾಡಿಗೆ ಪಾತ್ರೆಗಳನ್ನೂ ಕುರ್ಚಿಗಳನ್ನೂ ಹುಡುಗರು ಆಗಲೇ ಟ್ರೇಲರ್ ಹಿಂಭಾಗಕ್ಕೆ ತುಂಬಿದ್ದರು. ಅಣ್ಣ ಅದನ್ನೆಲ್ಲ ಇಳಿಸಿಸಿದ. ಜನರೇಟರನ್ನು ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಸ್ವಲ್ಪ ಮುಂದಕ್ಕೆ ತಳ್ಳಿಸಿದ. ಟ್ರೇಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ, ಜೀಪಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂತರೆ ಚೆನ್ನ. ಭಾರವೆಲ್ಲ ಹಿಂದೆ ಹೋದರೆ ಟ್ರೇಲರ್ ಮೂತಿ ಮೇಲೇಳುತ್ತೆ, ಜೀಪಿನ ಹಿಂಭಾಗವನ್ನೂ ಮೇಲಕ್ಕೆ ಎತ್ತುತ್ತೆ. ಆಗ ಜೀಪಿನ ಹಿಂದಿನ ಚಕ್ರಗಳಿಗೆ ಹಿಡಿತವೇ ಸಾಲದು. ಟ್ರೇಲರ್ ಅತ್ತಿತ್ತ ತೂಗಾಡಲು ಶುರುವಾಗುವುದೂ ಹೀಗೇ. ಪಾತ್ರೆಗಳು ಆಮೇಲೆ ಟೆಂಪೋದಲ್ಲಿ ಬರಲಿ ಅಂತಾಯಿತು. ಹುಡುಗರಿಗೆ ಬೇಜಾರಾಯಿತು. ನನಗೆ ಅಣ್ಣ ಮಾಡಿದ್ದೇ ಸರಿ ಅನ್ನಿಸಿತು.

ಅಷ್ಟೇ ತೂಕವನ್ನು ಜೀಪಿನೊಳಗೆ ಹಾಕುವುದೂ ಹಿಂದೆ ಕಟ್ಟಿ ಎಳೆಯುವುದೂ ಒಂದೇ ಅಲ್ಲ. ಒಳಗೆ ಕೂತ ಭಾರ ಜೀಪಿನ ಟಯರನ್ನು ನೆಲಕ್ಕೆ ಒತ್ತುತ್ತೆ. ಬ್ರೇಕಿಗೆ ಕೆಲಸ ಜಾಸ್ತಿ ಆದರೂ ಟಯರಿನ ಹಿಡಿತವೂ ಜೊತೆಗೇ ಜಾಸ್ತಿ ಆಗುತ್ತೆ. ಟ್ರೇಲರ್ ಭಾರ ಹಾಗಲ್ಲ. ಕೊಂಡಿಯ ಮೇಲೆ ಕೂತ ಸ್ವಲ್ಪ ಭಾಗ ಬಿಟ್ಟರೆ ಉಳಿದದ್ದೆಲ್ಲ ಅದರದೇ ಚಕ್ರಗಳ ಮೇಲಿರುತ್ತೆ. ಆ ಚಕ್ರಗಳಿಗೆ ಬ್ರೇಕೇ ಇಲ್ಲ. ಅಂದ್ರೆ ಆ ಭಾರವನ್ನೂ ಜೀಪಿನ ನಾಲ್ಕು ಟಯರುಗಳೇ ತಡೆಯಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ತಗ್ಗಿದೆ ಅಂತ ನೋಡಿಕೊಂಡು ಹಿಂದಿನ ಬ್ರೇಕನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತೆ. ಅದಕ್ಕೂ ಗೊತ್ತಾಗುವುದು ಕೊಂಡಿಯ ಮೇಲಿನ ಭಾರ ಅಷ್ಟೇ.

ಮನೆಯಿಂದ ಟಾರು ರಸ್ತೆವರೆಗೆ ಮಣ್ಣಿನ ಇಳಿಜಾರು, ಉರುಳುವ ಜಲ್ಲಿಕಲ್ಲು. ಇಳಿಯುವ ಮೊದಲೇ ಅಣ್ಣ ನಿಂತು ಫೋರ್ ವೀಲ್ ಲೋ (ನಾಲ್ಕೂ ಚಕ್ರ ಎಳೆಯುವ, ತುಂಬ ನಿಧಾನದ ಗೇರ್) ಹಾಕಿ ಸೆಕೆಂಡ್ ಗೇರಿಗೆ ಬಂದ. ಕ್ಲಚ್ ಮೇಲಿಂದ ಕಾಲು ತೆಗೆದ. ಆ ಗೇರಿನಲ್ಲಿ ಇಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದುಕೊಳ್ಳುತ್ತೆ, ಬ್ರೇಕ್ ಒತ್ತುವ ಅಗತ್ಯ ಬಹಳ ಕಡಿಮೆ. ಇಳಿಜಾರಿನ ನಡುವೆ ಗೇರ್ ಹುಡುಕಿಕೊಂಡು ಕ್ಲಚ್ ಒತ್ತಿದರೆ ಆ ಹಿಡಿತ ಒಂದೇ ಸಲಕ್ಕೆ ಹೋಗಿಬಿಡುತ್ತೆ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯ ಆಗುತ್ತೆ.

ಒಂದು ತಿರುವಿನಲ್ಲಿ ಹಿಂದಿನಿಂದ ತಳ್ಳಿದ್ದು ಸೊಂಟಕ್ಕೇ ಗೊತ್ತಾಯಿತು. ಕೊಂಡಿ ಟಕ್ ಅಂತು. ಜೀಪಿನ ಹಿಂಭಾಗ ಪಕ್ಕಕ್ಕೆ ಜರುಗಿತು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಆಗುವುದೇ ಇದು. ಜೀಪು ನಿಲ್ಲಲು ನೋಡುತ್ತೆ, ಟ್ರೇಲರ್ ಮುಂದೆ ಹೋಗಲು ನೋಡುತ್ತೆ, ಎರಡೂ ಕೊಂಡಿಯಲ್ಲಿ ಮಡಚಿಕೊಳ್ಳುತ್ತವೆ. ಅಣ್ಣ ಬ್ರೇಕ್ ಸಡಿಲಿಸಿ, ಸ್ಟೇರಿಂಗ್ ನೇರ ಮಾಡಿ, ಟ್ರೇಲರ್ ಸಾಲಿಗೆ ಬಂದ ಮೇಲೆ ಮತ್ತೆ ಒತ್ತಿದ. ಯಾರೂ ಮಾತಾಡಲಿಲ್ಲ.

ಟಾರು ಸಿಕ್ಕ ಮೇಲೆ ಟೂ ವೀಲ್‌ಗೆ ಬರಲೇಬೇಕು. ಒಣ ಟಾರಿನ ತಿರುವುಗಳಲ್ಲಿ ಈ ಹಳೆಯ ಫೋರ್ ಬೈ ಫೋರ್ ಹಾಕಿಕೊಂಡೇ ಹೋದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಜಗ್ಗಾಡುತ್ತವೆ. ಹಾಗೆ ಬಂದಾಗ ಲೋ ಗೇರ್ ಕೂಡ ಹೋಯಿತು. ಸೆಕೆಂಡ್‌ನಲ್ಲೇ ನಿಧಾನಕ್ಕೆ ಬರುತ್ತಿದ್ದೆವು. ಎದುರಿಗೆ ಒಂದು ಟಿಪ್ಪರ್, ಅದರ ಹಿಂದೆ ಕಾರುಗಳು. ನಿಂತು, ಜರುಗಿ, ಮತ್ತೆ ನಿಂತು ಸಾಗಬೇಕಾಯಿತು. ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ. "ಪೆಡಲ್ ಕೆಳಗೆ ಹೋಗ್ತೈತೆ" ಅಂದ ಅಣ್ಣ. ಅಗಲ ಇದ್ದ ಜಾಗದಲ್ಲಿ ನಿಲ್ಲಿಸಿ, "ಚಕ್ರಕ್ಕೆ ಕಲ್ಲು ಕೊಡು" ಅಂದ. ಜೀಪಿಗೂ ಟ್ರೇಲರಿಗೂ ಮುಂದುಗಡೆ ಕಲ್ಲಿಟ್ಟೆ.

ಅಲ್ಲಿ ಕೂತು ಲೆಕ್ಕ ಹಾಕಿದೆ. ಜನ ಸೇರಿ ಜೀಪು, ಹಿಂದಿನ ಟ್ರೇಲರ್, ಎಲ್ಲ ಒಟ್ಟು ಎರಡೂವರೆ ಟನ್ ಅಂದುಕೊಳ್ಳಿ. ಇಷ್ಟು ತೂಕ 100 ಮೀಟರ್ ಎತ್ತರದಿಂದ ಇಳಿಯುವಾಗ ವೇಗ ಏರಬಾರದು ಅಂದ್ರೆ, ಸುಮಾರು 7-8 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖವನ್ನು ಎಲ್ಲಾದರೂ ಬಿಡಲೇಬೇಕು. ಇಂಜಿನ್ ಹಿಡಿದುಕೊಂಡರೆ ಬಹುಪಾಲು ಅಲ್ಲಿ ಹೋಗುತ್ತೆ. ಹಿಡಿಯದಿದ್ದರೆ ಎಲ್ಲ ಬ್ರೇಕ್ ಡ್ರಮ್ಮಿಗೇ, ಅಂದ್ರೆ ಲೈನರ್ ಉಜ್ಜಿಕೊಳ್ಳುವ ಚಕ್ರದ ಬಟ್ಟಲಿಗೇ. ತೂಕ ಎರಡು ಪಟ್ಟಾದರೆ ಶಾಖ ಎರಡು ಪಟ್ಟು. ವೇಗದ ಲೆಕ್ಕ ಇನ್ನೂ ಕಠಿಣ. 20 ಕಿಲೋಮೀಟರ್ ವೇಗದ ಬದಲು 40ರಲ್ಲಿ ಇದ್ದರೆ ನಿಲ್ಲಿಸಲು ನಾಲ್ಕು ಪಟ್ಟು ಶಕ್ತಿ ತಡೆಯಬೇಕು.

ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತೆ. ಪೆಡಲ್ ಕೆಳಗೆ ಹೋಗುವುದು ಅದಕ್ಕೇ. ಲೈನರಿನ ಉಜ್ಜುವ ಶಕ್ತಿಯೂ ಬಿಸಿಗೆ ಕುಗ್ಗುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿಕೊಂಡ ಆಯಿಲಿಗೆ ಆ ಮಿತಿ 140 ಮಾತ್ರ. ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಅಣ್ಣ ಮದುವೆಗೆ ಮುಂಚೆ ಆಯಿಲ್ ಬದಲಾಯಿಸಿದ್ದ. ಆ ಖರ್ಚು ಎಷ್ಟು ಕೆಲಸಕ್ಕೆ ಬಂತು ಅಂತ ಅವತ್ತು ಕಣ್ಣಾರೆ ಕಂಡೆ.

ಜೊತೆಗಿದ್ದ ಹುಡುಗ ಕ್ಯಾನ್ ಹಿಡಿದು ನೀರು ಹೊಯ್ಯಲು ಹೋದ. "ಬೇಡಪ್ಪಾ, ಡ್ರಮ್ ಬಿರುಕು ಬಿಡ್ತೈತೆ" ಅಂತ ಅಣ್ಣ ತಡೆದ. ಗಾಳಿಗೇ ಆರಲಿ ಅಂತ ಕಾದೆವು. ಪೆಡಲ್ ಮತ್ತೆ ಮೇಲೆ ಬಂದು ಗಟ್ಟಿಯಾಯಿತು. ಅಲ್ಲಿಂದ ಫಸ್ಟ್ ಗೇರಿನಲ್ಲಿ ಇಳಿದೆವು. ಬ್ರೇಕನ್ನು ಮೆತ್ತಗೆ ಒತ್ತಿಕೊಂಡೇ ಬರುವ ಬದಲು, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುತ್ತಿದ್ದ. ಡ್ರಮ್ಮಿಗೆ ಆರಲು ನಡುನಡುವೆ ಸಮಯ ಸಿಗುತ್ತೆ.

ಕೋಲಾರದಲ್ಲಿ ಕೊಂಡಿ ಬಿಚ್ಚುವಾಗ ಜನರೇಟರ್ ಮಾಲೀಕರು ಬಂದರು. ಅಣ್ಣ ಟ್ರೇಲರ್ ಚಕ್ರ ತೋರಿಸಿ, "ಇದಕ್ಕೂ ಬ್ರೇಕ್ ಹಾಕಿಸಿ ಸಾರ್" ಅಂದ. ಟ್ರೇಲರ್ ಮುಂದಕ್ಕೆ ತಳ್ಳಿದ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುವ ಕೊಂಡಿ ಇರುತ್ತೆ, ಬೇರೆ ಪೆಡಲ್ ಬೇಕಾಗಲ್ಲ ಅಂತ ನಾನೂ ವಿವರಿಸಿದೆ. ಅವರು ಬಗ್ಗಿ ಆಕ್ಸಲ್ ನೋಡಿದರು. ಇದಕ್ಕೆ ಡ್ರಮ್ ಕೂರಿಸುವ ಜಾಗವೇ ಇಲ್ಲ, ಆಕ್ಸಲ್ಲೇ ಬದಲಾಯಿಸಬೇಕು ಅಂದರು. ಅದು ಆಗುವವರೆಗೆ ಬೆಟ್ಟದ ಬಾಡಿಗೆ ಒಪ್ಪಿಕೊಳ್ಳಬೇಡಿ ಅಂತ ಅಣ್ಣ ಕೇಳಿಕೊಂಡ. ಅವರು ಒಪ್ಪಿದರು.