"ಹೊರದೇಶದಾಗ ಊಟಕ್ಕ ಏನ್ ಮಾಡ್ತೀರಿ?": ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ತಯಾರಾಗುವ ವಾಲ್ವುಗಳನ್ನು ಹೊರದೇಶಗಳಿಗೆ ಮಾರುವುದು ನನ್ನ ಉದ್ಯೋಗವಾದ್ದರಿಂದ, ಪ್ರತಿ ವರ್ಷ ಕೆಲವು ವಾರಗಳನ್ನು ದೇಶದ ಹೊರಗೆ ಕಳೆಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ನಡೆಯುವುದಿಲ್ಲ ಎಂಬುದು ಬಳಗದವರಿಗೆಲ್ಲ ಗೊತ್ತು. ಹೀಗಾಗಿ ಮದುವೆಯ ಪಂಕ್ತಿಯಲ್ಲಿ ಕೂತರೂ ಬ್ಯಾಂಕಿನ ಸಾಲಿನಲ್ಲಿ ನಿಂತರೂ ಯಾರಾದರೊಬ್ಬರು "ಅಲ್ರೀ, ಅಲ್ಲಿ ಹೋದ್ರ ಊಟಕ್ಕ ಏನ್ ಮಾಡ್ತೀರಿ?" ಎಂದು ಕೇಳಿಯೇ ಕೇಳುತ್ತಾರೆ. ಜರ್ಮನಿಯಲ್ಲಿ ಓದುವ ಮಗಳನ್ನು ನೋಡಲು ಹೊರಟ ಧಾರವಾಡದ ನಿವೃತ್ತ ಮಾಸ್ತರರು ಕೇಳಿದ್ದಾರೆ, ಥೈಲ್ಯಾಂಡಿಗೆ ಟಿಕೆಟ್ ಮಾಡಿಸಿದ್ದ ಗದಗಿನ ನವದಂಪತಿ ಕೇಳಿದ್ದಾರೆ, ಈಚೆಗೆ ಹಾಲು, ಮೊಸರು, ತುಪ್ಪಗಳನ್ನೂ ಬಿಟ್ಟು ವೀಗನ್ ಆಗಿರುವ ನನ್ನ ತಂಗಿಯ ಮಗನೂ ಕೇಳಿದ್ದಾನೆ. ಇವರೆಲ್ಲರಿಗೂ ನಾನು ಕೊಡುವ ಉತ್ತರ ಒಂದೇ. ಹೋದ ಊರಿನಲ್ಲಿ ಭಾರತೀಯ ಹೋಟೆಲನ್ನು ಹುಡುಕುವ ಮೊದಲು, ಆ ಊರಿನವರೇ ಯಾವಾಗ, ಯಾವ ಕಾರಣಕ್ಕೆ ಮಾಂಸ ಬಿಡುತ್ತಾರೆ ಎಂಬುದನ್ನು ತಿಳಿದುಕೊಂಡರೆ ಊಟದ ಚಿಂತೆಯ ಬಹುಪಾಲು ಕಳೆಯುತ್ತದೆ.

ನಮ್ಮ ಊರಿನ ಬೋರ್ಡುಗಳನ್ನೇ ನೋಡಿ. "ಲಿಂಗಾಯತ ಖಾನಾವಳಿ" ಎಂದು ಬರೆದಿದ್ದರೆ ಒಳಗೆ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ ಸಿಗುತ್ತವೆ; "ಸಾವಜಿ" ಎಂದು ಬರೆದಿದ್ದರೆ ಅಲ್ಲಿರುವುದು ಖಾರದ ಮಾಂಸದೂಟ. ಶಾಕಾಹಾರ, ಮಾಂಸಾಹಾರ ಎಂಬ ಮಾತು ಎರಡೂ ಬೋರ್ಡುಗಳಲ್ಲಿ ಇಲ್ಲದಿದ್ದರೂ ಹುಬ್ಬಳ್ಳಿಯ ಮಗುವಿಗೂ ವ್ಯತ್ಯಾಸ ಗೊತ್ತಿರುತ್ತದೆ, ಹೊರಗಿನಿಂದ ಬಂದವರಿಗೆ ಮಾತ್ರ ಗೊತ್ತಿರುವುದಿಲ್ಲ. ಬೇರೆ ದೇಶಗಳಲ್ಲೂ ಇಂಥ ಬೋರ್ಡುಗಳಿವೆ. ಅವುಗಳನ್ನು ಓದಲು ಭಾಷೆ ಕಲಿಯಬೇಕಾಗಿಲ್ಲ, ಒಂದೆರಡು ಗುರುತು ನೆನಪಿದ್ದರೆ ಸಾಕು.

ವಿಯೆಟ್ನಾಮಿನಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿಗೆ ಹೋಗುವವರು ಅನಗತ್ಯವಾಗಿ ಹೆದರುತ್ತಾರೆ. ಆ ದೇಶದ ಬೌದ್ಧರಲ್ಲಿ ಅನೇಕರು ಚಾಂದ್ರಮಾನದ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಎಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಮಾಂಸ ಮುಟ್ಟುವುದಿಲ್ಲ. ಅವರಿಗಾಗಿ ನಡೆಯುವ ಹೋಟೆಲುಗಳ ಬೋರ್ಡಿನ ಮೇಲೆ "ಚಯ್" ಎಂಬ ಪದವಿರುತ್ತದೆ. ವಿಯೆಟ್ನಾಮಿ ಭಾಷೆಯನ್ನು ರೋಮನ್ ಲಿಪಿಯಲ್ಲಿಯೇ ಬರೆಯುವುದರಿಂದ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರಗಳನ್ನು ನಾವೂ ನೀವೂ ದೂರದಿಂದಲೇ ಓದಬಹುದು. ಹನೋಯ್‌ನ ಒಂದು ಓಣಿಯಲ್ಲಿ ಅಂಥ ಸಣ್ಣ ಹೋಟೆಲಿಗೆ ಹಾವೇರಿಯ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಸ್ಟೀಲಿನ ತಟ್ಟೆಯಲ್ಲಿ ಅನ್ನ, ಟೊಮೆಟೊ ರಸದಲ್ಲಿ ಬೇಯಿಸಿದ ತೋಫು ಎಂಬ ಸೋಯಾ ಪನೀರು, ನೀರಿನಲ್ಲಿ ಬೆಳೆಯುವ ಒಂದು ಸೊಪ್ಪಿನ ಪಲ್ಯ, ಕುಂಬಳಕಾಯಿಯ ತೆಳು ಸಾರು ಬಂದವು. ಬದಿಯ ಸಣ್ಣ ಬಟ್ಟಲಿನಲ್ಲಿ ಶೇಂಗಾ, ಎಳ್ಳು, ಉಪ್ಪು ಸೇರಿಸಿ ಕುಟ್ಟಿದ ಪುಡಿಯಿತ್ತು. ಹಾವೇರಿಯವರು ತಾವು ಕಟ್ಟಿಕೊಂಡು ಬಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ, ಆ ಬಟ್ಟಲನ್ನೇ ಮತ್ತೊಮ್ಮೆ ತುಂಬಿಸಿಕೊಂಡರು. ಆದರೆ ಅದೇ ಓಣಿಯ ಸಾಮಾನ್ಯ ಹೋಟೆಲಿನಲ್ಲಿ ಬರೀ ಸೊಪ್ಪಿನ ಪಲ್ಯ ಕೇಳಿದ್ದರೆ ಅದಕ್ಕೆ ಮೀನಿನ ಸಾಸ್ ಬೀಳುವ ಸಂಭವವೇ ಹೆಚ್ಚು, ತರಕಾರಿಯ ನೂಡಲ್ಸಿಗೂ ಎಲುಬು ಕುದಿಸಿದ ಸಾರನ್ನೇ ಹಾಕಿರಬಹುದು. ತಟ್ಟೆಯಲ್ಲಿ ಮಾಂಸದ ತುಣುಕು ಕಾಣದಿದ್ದರೆ ಅದು ಶಾಕಾಹಾರವೇ ಎಂಬುದು ಅಲ್ಲಿನ ಅನೇಕ ಅಡುಗೆಯವರ ಪ್ರಾಮಾಣಿಕ ನಂಬಿಕೆಯಾಗಿದ್ದು, ಅದರಲ್ಲಿ ಮೋಸವೇನೂ ಇಲ್ಲ.

ಥೈಲ್ಯಾಂಡಿನಲ್ಲಿ ಈ ಗುರುತು ಇನ್ನೂ ಸುಲಭ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ "ಜೇ" ಎಂಬ ಥಾಯ್ ಅಕ್ಷರಗಳಿದ್ದರೆ ಆ ಅಂಗಡಿಯ ಊಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳೂ ವರ್ಜ್ಯ. ಒಂದೇ ಬಾವುಟ ವೀಗನ್ ಹುಡುಗನಿಗೂ ಉಳ್ಳಾಗಡ್ಡಿ ತಿನ್ನದ ಮನೆತನದ ಅಜ್ಜಿಗೂ ಅನುಕೂಲವಾಗುವುದು ಅಪರೂಪದ ಸಂಗತಿ. ಚೀನೀ ಮೂಲದ ಥಾಯ್ ಜನರು ಚಾಂದ್ರಮಾನದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಎಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಈ ವ್ರತವನ್ನು ಆಚರಿಸುತ್ತಾರೆ. ಆ ಹಬ್ಬಕ್ಕೆ ಫುಕೆಟ್ ಹೆಸರಾದ ಊರು. ನಮ್ಮ ನವರಾತ್ರಿಯ ಸುಮಾರಿಗೇ ಅದು ಬರುವುದರಿಂದ, ದಸರಾ ರಜೆಯಲ್ಲಿ ಹೋಗುವವರಿಗೆ ಬೀದಿಯ ತುಂಬ ಹಳದಿ ಬಾವುಟ ಕಾಣಸಿಗಬಹುದು. ತೈವಾನಿನಲ್ಲಿ ಬೋರ್ಡಿನ ಮೇಲೆ ಸ್ವಸ್ತಿಕವಿದ್ದರೆ ಅದು ಬೌದ್ಧ ಶಾಕಾಹಾರದ ಗುರುತಾಗಿರುತ್ತದೆ. ಅಲ್ಲಿನ ಅನೇಕ ಹೋಟೆಲುಗಳಲ್ಲಿ ಹತ್ತಾರು ಬಗೆಯ ಪಲ್ಯಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಬೇಕಾದುದನ್ನು ತಟ್ಟೆಗೆ ಹಾಕಿಕೊಂಡರೆ ತೂಕ ಮಾಡಿ ಹಣ ಪಡೆಯುತ್ತಾರೆ. ಪೊಟ್ಟಣದ ತಿಂಡಿಗಳ ಮೇಲೆಯೂ ಶುದ್ಧ ಸಸ್ಯಜನ್ಯ, ಹಾಲುಳ್ಳದ್ದು, ಮೊಟ್ಟೆಯುಳ್ಳದ್ದು, ಎರಡೂ ಉಳ್ಳದ್ದು, ಉಳ್ಳಾಗಡ್ಡಿ ಬೆಳ್ಳುಳ್ಳಿಯುಳ್ಳದ್ದು ಎಂದು ಐದು ವರ್ಗಗಳಲ್ಲಿ ಗುರುತು ಹಾಕಬೇಕೆಂಬ ನಿಯಮ ಅಲ್ಲಿದೆ. ಶಾಕಾಹಾರಿ ದೇಶವೆಂದು ಬೀಗುವ ನಾವು ಹಸಿರು ಚುಕ್ಕೆಯೊಂದಕ್ಕೇ ತೃಪ್ತರಾಗಿದ್ದೇವೆ.

ಬೌದ್ಧ ದೇಶಗಳಲ್ಲಿ ಮಾತ್ರ ಹೀಗೆ ಎಂದುಕೊಳ್ಳಬಾರದು. ಇಥಿಯೋಪಿಯಾದ ಆರ್ಥಡಾಕ್ಸ್ ಕ್ರೈಸ್ತರು ವರ್ಷದ ಬಹುತೇಕ ಬುಧವಾರ, ಶುಕ್ರವಾರಗಳಂದು ಮತ್ತು ಈಸ್ಟರಿಗೆ ಮುಂಚಿನ 55 ದಿನಗಳ ಉಪವಾಸದಲ್ಲಿ ಮಾಂಸ, ಹಾಲು, ಬೆಣ್ಣೆ, ಮೊಟ್ಟೆಗಳನ್ನು ಬಿಡುತ್ತಾರೆ. ಆ ದಿನಗಳಲ್ಲಿ ಹೋಟೆಲಿಗೆ ಹೋಗಿ "ಬೆಯಾಯ್ನೆತು" ಎಂದರೆ ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡಿದ ಅಗಲವಾದ ಇಂಜೆರಾ ಬರುತ್ತದೆ. ಅದರ ಮೇಲೆಯೇ ಚನ್ನಂಗಿ ಬೇಳೆ, ಕೋಸು, ಬೀಟ್‌ರೂಟ್, ಸೊಪ್ಪಿನ ಪಲ್ಯಗಳನ್ನು ಗುಪ್ಪೆಗುಪ್ಪೆಯಾಗಿ ಬಡಿಸಿರುತ್ತಾರೆ. ತಟ್ಟೆಯ ಸುತ್ತ ಎಲ್ಲರೂ ಕೂತು ಒಂದೇ ಇಂಜೆರಾವನ್ನು ಮುರಿದು ಕೈಯಿಂದಲೇ ಉಣ್ಣುವುದು ಪದ್ಧತಿ. ವೀಗನ್ ಆದವರು ಒಂದು ಸಂಗತಿ ನೆನಪಿಡಬೇಕು: ಉಪವಾಸದ ದಿನ ಎಣ್ಣೆಯಲ್ಲಿ ಆಗುವ ಬೇಳೆಯ ಪಲ್ಯ ಬೇರೆ ದಿನ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆಯಲ್ಲಿ ಆಗಿರಬಹುದು, ಆದ್ದರಿಂದ ಉಪವಾಸದ ಅಡುಗೆಯೇ ಬೇಕೆಂದು ಬಾಯಿ ಬಿಟ್ಟು ಹೇಳಬೇಕು. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಇಥಿಯೋಪಿಯದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವುದರಿಂದ, ಮಕ್ಕಳ ಮನೆಗೆಂದು ಆ ಕಡೆ ಹೋಗುವ ತಂದೆತಾಯಿಗಳಿಗೂ ಈ ಊಟ ಸಿಗುತ್ತದೆ. ಗ್ರೀಸಿನಲ್ಲಿಯೂ ಉಪವಾಸದ ಅಡುಗೆಯುಂಟು, ಆದರೆ ರಕ್ತವಿಲ್ಲದ ಜೀವಿಗಳೆಂದು ಸೀಗಡಿ, ಆಕ್ಟೋಪಸ್‌ಗಳಿಗೆ ಅಲ್ಲಿ ವಿನಾಯಿತಿ ಇರುವುದರಿಂದ ಕೇಳಿಯೇ ತಿನ್ನಬೇಕು.

ಪಶ್ಚಿಮ ಯುರೋಪಿನಲ್ಲಿ ಇಂಥ ಪಂಚಾಂಗ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅಲ್ಲಿ ಶಾಕಾಹಾರವೆಂಬುದು ವೈಯಕ್ತಿಕ ಆಯ್ಕೆಯಾಗಿ ಬೆಳೆದು ಬಂದಿದೆ. ಜ್ಯೂರಿಕ್‌ನ ಹಿಲ್ಟ್‌ಲ್ ಎಂಬ ಶಾಕಾಹಾರಿ ಹೋಟೆಲು 1898ರಿಂದ ನಡೆಯುತ್ತಿದ್ದು, ಜಗತ್ತಿನಲ್ಲಿ ನಿರಂತರವಾಗಿ ನಡೆದು ಬಂದಿರುವ ಅತ್ಯಂತ ಹಳೆಯ ಶಾಕಾಹಾರಿ ಹೋಟೆಲೆಂದು ಗಿನ್ನೆಸ್ ದಾಖಲೆಯಲ್ಲಿದೆ. ಯುರೋಪಿನಲ್ಲಿ ನನ್ನ ಸಲಹೆ ಕೆಲವರಿಗೆ ವಿಚಿತ್ರವೆನಿಸುತ್ತದೆ: ನೀವು ಹಾಲು, ಮೊಸರು ತಿನ್ನುವವರಾದರೂ ಹೋಟೆಲಿನಲ್ಲಿ ವೀಗನ್ ಎಂದೇ ಹೇಳಿ. ಅಲ್ಲಿನ ಶಾಕಾಹಾರದಲ್ಲಿ ಮೊಟ್ಟೆ ಸೇರಿಯೇ ಇರುತ್ತದೆ. ತಾಜಾ ಪಾಸ್ತಾದಲ್ಲಿ, ಕೇಕಿನಲ್ಲಿ, ಸಲಾಡಿನ ಮೇಲೆ ಸುರಿಯುವ ಮೇಯನೇಸ್‌ನಲ್ಲಿ ಮೊಟ್ಟೆ ಇರುವುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸ್ ತಯಾರಿಸಲು ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ವೀಗನ್ ಎಂದರೆ ಇವೆಲ್ಲವೂ ಒಂದೇ ಮಾತಿಗೆ ಹೊರಗೆ ಉಳಿಯುತ್ತವೆ. ಇಟಲಿಯಲ್ಲಿ ಚೀಸೇ ಇಲ್ಲದ, ಟೊಮೆಟೊ ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ ಎಲ್ಲೆಡೆ ಸಿಗುತ್ತದೆ, ಒಣ ಪಾಸ್ತಾ ಸಾಮಾನ್ಯವಾಗಿ ಗೋದಿ ರವೆ ಮತ್ತು ನೀರಿನಿಂದಲೇ ಆಗಿರುತ್ತದೆ.

ಇನ್ನೊಂದು ಅನುಕೂಲವನ್ನು ನಮ್ಮವರು ಬಳಸುವುದೇ ಇಲ್ಲ. ಅಲರ್ಜಿ ತರಬಲ್ಲ 14 ಪದಾರ್ಥಗಳ ಮಾಹಿತಿಯನ್ನು ಹೋಟೆಲುಗಳೂ ಗ್ರಾಹಕರಿಗೆ ಕೊಡಬೇಕೆಂದು ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಕಾನೂನಿದೆ. ಆ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಮೀನು, ಸೀಗಡಿ ಏಡಿಯಂಥವು, ಚಿಪ್ಪಿನ ಜೀವಿಗಳು ಇವೆ. ಮೆನುವಿನಲ್ಲಿ ತಿಂಡಿಯ ಹೆಸರಿನ ಪಕ್ಕ ಸಣ್ಣ ಅಂಕಿಗಳೋ ಅಕ್ಷರಗಳೋ ಇದ್ದರೆ ಅವು ಅನೇಕ ಸಲ ಇದೇ ಪಟ್ಟಿಯವಾಗಿದ್ದು, ಅವುಗಳ ಅರ್ಥ ಕೊನೆಯ ಪುಟದಲ್ಲಿರುತ್ತದೆ. ಮಾಂಸವಾಗಲಿ, ಪ್ರಾಣಿಗಳ ಚರ್ಮ ಎಲುಬುಗಳಿಂದ ತೆಗೆಯುವ ಜೆಲಾಟಿನ್ ಆಗಲಿ ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

"ಅದೇ ಎಣ್ಣಿಯೊಳಗ ಕರೀತಾರಲ್ರೀ?" ಎಂಬ ಉಪಪ್ರಶ್ನೆ ತಪ್ಪದೆ ಬರುತ್ತದೆ. ಹೌದು, ಸಾಮಾನ್ಯ ಹೋಟೆಲಿನಲ್ಲಿ ಆಲೂಗಡ್ಡೆ, ಮೀನು ಎರಡನ್ನೂ ಒಂದೇ ಬಾಣಲೆಯಲ್ಲಿ ಕರಿಯುವುದುಂಟು. ಅದು ಸಲ್ಲದೆಂಬವರು ಸಂಪೂರ್ಣ ಶಾಕಾಹಾರಿ ಅಥವಾ ವೀಗನ್ ಹೋಟೆಲುಗಳಿಗೆ ಮಾತ್ರ ಹೋಗಬೇಕು, ಅವು ಇಲ್ಲದ ಊರಿನಲ್ಲಿ ಅಡುಗೆಮನೆಯುಳ್ಳ ವಸತಿಯನ್ನು ಹಿಡಿಯಬೇಕು. ಜರ್ಮನಿಯಲ್ಲಿ ಭಾನುವಾರ ಕಿರಾಣಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಆದ್ದರಿಂದ ಸಂತೆಯನ್ನು ಶನಿವಾರವೇ ಮುಗಿಸಬೇಕು.

ಜಪಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನನ್ನ ಪಾಲಿಗೆ ಅದೇ ಎಲ್ಲಕ್ಕಿಂತ ಕಠಿಣ ದೇಶ. ಅಲ್ಲಿನ ಅಡುಗೆಯ ತಳಹದಿಯಾದ ದಾಶಿ ಎಂಬ ತಿಳಿಸಾರನ್ನು ಒಣಗಿಸಿದ ಮೀನಿನ ಚೂರುಗಳಿಂದ ಮಾಡುವುದೇ ರೂಢಿಯಾಗಿದ್ದು, ಸಾರು, ನೂಡಲ್ಸ್, ತರಕಾರಿ ಎಲ್ಲದರೊಳಗೂ ಅದು ಸೇರಿರುತ್ತದೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮಾತ್ರ ಕಡಲಸಸ್ಯ, ಅಣಬೆಗಳಿಂದ ದಾಶಿ ತೆಗೆಯುತ್ತಾರೆ. ಕೋಯಾ ಬೆಟ್ಟದ ಮಠಗಳಲ್ಲಿ ತಂಗಿದರೆ ರಾತ್ರಿಯ ಊಟ, ಬೆಳಗಿನ ಊಟ ಎರಡೂ ಇದೇ ಬಗೆಯವು, ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕು.

ಹಾಗಾದರೆ ಭಾರತೀಯ ಹೋಟೆಲಿಗೆ ಹೋಗಲೇಬಾರದೇ? ಹೋಗಬಹುದು, ನಾನೂ ಹೋಗುತ್ತೇನೆ. ಸಿಂಗಪುರದ ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ, ಲಂಡನ್ನಿನ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿ ಭಾರತೀಯ ಶಾಕಾಹಾರಕ್ಕೆ ಬಹುಕಾಲದಿಂದ ಹೆಸರಾಗಿದೆ, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ಒಳ್ಳೆಯ ದೋಸೆ ಸಿಗುತ್ತದೆ. ಗುರುದ್ವಾರ ಇದ್ದಲ್ಲಿ ಲಂಗರ್ ಎಂಬ ದಾಸೋಹದ ಊಟ ಶಾಕಾಹಾರವೇ ಆಗಿರುತ್ತದೆ. ತಲೆಗೆ ಬಟ್ಟೆ ಹಾಕಿಕೊಂಡು ನೆಲದ ಮೇಲೆ ಸಾಲಿನಲ್ಲಿ ಕೂತರೆ ನೀವು ಯಾರೆಂದು ಯಾರೂ ಕೇಳುವುದಿಲ್ಲ. ಆದರೆ ಹೊರದೇಶದ ಬಹುಪಾಲು ಭಾರತೀಯ ಹೋಟೆಲುಗಳಲ್ಲಿ ಮಾಂಸದ ಅಡುಗೆಯೇ ಮುಖ್ಯವಾಗಿರುತ್ತದೆ, ಪಲ್ಯಗಳೆಲ್ಲ ಕೆನೆಯಲ್ಲಿ ಮುಳುಗಿರುತ್ತವೆ. ವೀಗನ್ ಆದವರಿಗಂತೂ ಅಲ್ಲಿ ತುಪ್ಪ, ಪನೀರು, ಕೆನೆಗಳನ್ನು ಕಳೆದರೆ ಉಳಿಯುವುದು ಅಲ್ಪ.

1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಯವರು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಹುಡುಕಿ, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಹೋಟೆಲೊಂದನ್ನು ಕಂಡುಕೊಂಡರು. ನಮಗೆ ಆ ಕಷ್ಟವಿಲ್ಲ. 1999ರಲ್ಲಿ ಶುರುವಾದ ಹ್ಯಾಪಿಕೌ ಎಂಬ ಜಾಲತಾಣವೂ ಅದರ ಆ್ಯಪೂ ಜಗತ್ತಿನ ವೀಗನ್, ಶಾಕಾಹಾರಿ ಮತ್ತು ಶಾಕಾಹಾರವೂ ಸಿಗುವ ಹೋಟೆಲುಗಳನ್ನು ಬೇರೆಬೇರೆ ಬಣ್ಣಗಳಲ್ಲಿ ನಕ್ಷೆಯ ಮೇಲೆ ತೋರಿಸುತ್ತವೆ. ನಾನು ಅದರಲ್ಲಿ ನಕ್ಷತ್ರಗಳನ್ನು ನೋಡುವುದಕ್ಕಿಂತ ಕೊನೆಯ ಅಭಿಪ್ರಾಯ ಯಾವ ತಿಂಗಳಿನದೆಂದು ನೋಡುತ್ತೇನೆ, ಏಕೆಂದರೆ ಸಣ್ಣ ಹೋಟೆಲುಗಳು ಬಲು ಬೇಗ ಮುಚ್ಚುತ್ತವೆ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಬಾಗಿಲು ಹಾಕುವ ಪದ್ಧತಿ ಯುರೋಪಿನಲ್ಲಿ ಸಾಮಾನ್ಯ, ಕೆಲವು ಹೋಟೆಲುಗಳು ಸೋಮವಾರ ತೆರೆಯುವುದೇ ಇಲ್ಲ. ವಸತಿಗೃಹದ ಕೋಣೆಯನ್ನು ಗೊತ್ತುಮಾಡುವ ಮೊದಲೇ ಈ ನಕ್ಷೆಯನ್ನು ನೋಡಿ, ನಡೆದು ಹೋಗುವ ದೂರದಲ್ಲಿ ಎರಡು ಊಟದ ಜಾಗಗಳಿರುವ ಕಡೆ ಉಳಿದುಕೊಳ್ಳುವುದು ನನ್ನ ಕ್ರಮ. ಜೊತೆಗೆ ಆ ದೇಶದ ಭಾಷೆಯಲ್ಲಿ ಒಂದು ಚೀಟಿ ಬರೆಸಿಕೊಳ್ಳುತ್ತೇನೆ: ಮಾಂಸ, ಕೋಳಿ, ಮೀನು, ಸೀಗಡಿ, ಮೊಟ್ಟೆ ತಿನ್ನುವುದಿಲ್ಲ, ಮೀನಿನ ಸಾಸ್, ಎಲುಬಿನ ಸಾರು, ಪ್ರಾಣಿಯ ಕೊಬ್ಬು ಹಾಕಿದ್ದನ್ನೂ ತಿನ್ನುವುದಿಲ್ಲ. ಹೀಗೆ ಬಿಡಿಸಿ ಬರೆದರೆ ಅಡುಗೆಯವರು ಚೀಟಿಯನ್ನು ಒಳಗೆ ಒಯ್ದು ಡಬ್ಬಿಗಳನ್ನು ನೋಡಿ ಬಂದು ಹೇಳುತ್ತಾರೆ.

ವಿಮಾನದ ಊಟಕ್ಕೆ ಟಿಕೆಟ್ ಮಾಡಿಸುವಾಗಲೇ ಹೇಳಬೇಕು. ಸಾಮಾನ್ಯವಾಗಿ ಹೊರಡುವುದಕ್ಕೆ 24 ಗಂಟೆ ಮುಂಚೆಯಾದರೂ ತಿಳಿಸಿರಬೇಕಾಗುತ್ತದೆ. ವಿಮಾನ ಕಂಪನಿಗಳ ಊಟದ ಸಂಕೇತಗಳಲ್ಲಿ ಎವಿಎಂಎಲ್ ಎಂದರೆ ಭಾರತೀಯ ರೀತಿಯ ಶಾಕಾಹಾರ, ವಿಜೆಎಂಎಲ್ ಎಂದರೆ ಜೈನರ ಊಟ, ವಿಜಿಎಂಎಲ್ ಎಂದರೆ ವೀಗನ್. "ಹಿಂದೂ ಊಟ" ಎಂಬ ಹೆಸರನ್ನು ನಂಬಿ ಎಚ್ಎನ್ಎಂಎಲ್ ಆರಿಸಿದರೆ ಗೋಮಾಂಸವಿಲ್ಲದ ಊಟ ಬರುತ್ತದೆಯೇ ಹೊರತು, ಅದರಲ್ಲಿ ಕೋಳಿ, ಕುರಿ, ಮೀನು ಇರಬಹುದು.

ಇನ್ನು ಕಟ್ಟಿಕೊಂಡು ಹೋಗುವ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳು ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದಂಥವು. ಅವು ಕೆಡುವುದಿಲ್ಲ, ಹಾಲು ತುಪ್ಪವಿಲ್ಲದ್ದರಿಂದ ವೀಗನ್ನರಿಗೂ ನಡೆಯುತ್ತವೆ. ಆದರೆ ಅಂಟಿನ ಉಂಡೆ, ಕರದಂಟುಗಳನ್ನು ಚೀಲದಲ್ಲಿಡುವ ಮೊದಲು ಅವುಗಳಲ್ಲಿ ಗಸಗಸೆ ಹಾಕಿದ್ದಾರೆಯೇ ಎಂದು ಮನೆಯಲ್ಲಿ ಕೇಳಿಕೊಳ್ಳಿ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ದುಬೈ ಸೇರಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸಿಂಗಪುರದಲ್ಲಿಯೂ ಗಸಗಸೆ ನಿಷಿದ್ಧ, ಮಗಳ ಬಾಣಂತನಕ್ಕೆಂದು ಒಯ್ಯುವ ಉಂಡೆಯ ಡಬ್ಬಿಯೇ ವಿಮಾನ ನಿಲ್ದಾಣದಲ್ಲಿ ಆಪತ್ತಿಗೆ ಕಾರಣವಾದೀತು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಪ್ರಯಾಣಿಕರು ಹೊರಗಿನಿಂದ ತುಪ್ಪ, ಬೆಣ್ಣೆಯಂಥ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗುವವರು ತಂದ ತಿನಿಸುಗಳನ್ನೆಲ್ಲ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆಯಬೇಕು. ಬರೆದರೆ ಹೆಚ್ಚೆಂದರೆ ವಸ್ತುವನ್ನು ತೆಗೆದುಕೊಳ್ಳುತ್ತಾರೆ, ಬಚ್ಚಿಟ್ಟರೆ ದಂಡ ಬೀಳುತ್ತದೆ. ಅನ್ನ ಮಾಡಿಕೊಳ್ಳಲೆಂದು ಇಲ್ಲಿಯ ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವವರು ಅಲ್ಲಿನ ವೋಲ್ಟೇಜನ್ನೂ ನೋಡಿಕೊಳ್ಳಬೇಕು. ಯುರೋಪಿನಲ್ಲಿ ಪ್ಲಗ್ ಬದಲಿಸಿದರೆ ಸಾಕು, ಆದರೆ ಅಮೆರಿಕದ 120 ವೋಲ್ಟಿನಲ್ಲಿ ನಮ್ಮ 230 ವೋಲ್ಟಿನ ಕುಕ್ಕರಿಗೆ ಅದರ ಶಕ್ತಿಯ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ದೊರೆಯುವುದರಿಂದ, ಅಲ್ಲಿಗೆ ಹೋದ ಮೇಲೆ ಅಲ್ಲಿಯದೇ ಒಂದು ಸಣ್ಣ ಕುಕ್ಕರನ್ನು ಕೊಳ್ಳುವುದು ಲೇಸು.