ಎಷ್ಟು ದಿನ ರಜ?

18 ಡಿಸೆಂಬರ್ 2024, ಬುಧವಾರ

ನೆದರ್‌ಲ್ಯಾಂಡ್ಸ್ ಬಿಟ್ಟು ಊರಿಗೆ ಬಂದು ಇವತ್ತಿಗೆ ಇಪ್ಪತ್ತಾರು ದಿನ. ಡೈರಿ ಹತ್ತಿರ ಹಾಲು ಹಾಕೋಕೆ ನಿಂತವರು, ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತವರು, ಧನುರ್ಮಾಸದ ಪೂಜೆಗೆ ಬಂದವರು, ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ದಿನ ರಜ?" ರಜ ಅಲ್ಲ, ಪೂರ್ತಿ ಬಂದ್ಬಿಟ್ಟೆ ಅಂದರೆ ಒಂದು ಗಳಿಗೆ ಮಾತು ನಿಲ್ಲುತ್ತೆ. ಆಮೇಲೆ ದನಿ ತಗ್ಗಿಸಿ, "ಯಾಕಪ್ಪಾ, ಕೆಲಸ ಹೋಯ್ತಾ?"

ಹೋಗಿಲ್ಲ. ನಾನೇ ಬಿಟ್ಟೆ. ಇದನ್ನು ಹೇಳುವಾಗ ಮೊದಲ ವಾರ ಎದೆ ಸೆಟೆದಿರುತ್ತಿತ್ತು. ಈಗ ಹೇಳಿದ ಮೇಲೆ ನನಗೇ ಏನೋ ಅಳುಕು.

ಸಂಜೆ ಕೆರೆ ಕಟ್ಟೆ ಮೇಲೆ ದೊಡ್ಡಮನೆ ತಾತ ಸಿಕ್ಕರು. ಕೋಲು ಪಕ್ಕಕ್ಕಿಟ್ಟುಕೊಂಡು ನೀರು ನೋಡುತ್ತಾ ಕೂತಿದ್ದರು. ರಜದ ಮಾತೆತ್ತದ ಮೊದಲ ಮನುಷ್ಯ ಅವರೇ.

"ನೀನಿದ್ದ ದೇಶದಾಗೆ ನೀರು ಹೆಂಗೆ?"

ಹೇಳಿದೆ. ನಾನು ಹನ್ನೊಂದು ವರ್ಷ ಇದ್ದ ಹೂಫ್‌ಡಾರ್ಪ್ ಒಂದು ಕಾಲಕ್ಕೆ ಕೆರೆಯೇ, ಇಲ್ಲಿಂದ ಕಣ್ಣು ಹಾಯಿಸಿದಷ್ಟೂ ನೀರಿದ್ದ ಜಾಗ. ಉಗಿ ಯಂತ್ರದ ಪಂಪು ಕೂರಿಸಿ 1852ಕ್ಕೆ ಅದನ್ನೆಲ್ಲ ಬರಿದು ಮಾಡಿದರು, ಅಂಗಳದಲ್ಲಿ ಹೊಲ ಮಾಡಿ ಊರು ಕಟ್ಟಿದರು. ನಾನು ವಿಮಾನ ಹತ್ತಿದ ಸ್ಕಿಪೋಲ್ ನಿಲ್ದಾಣ ಇರೋದೂ ಅದೇ ಕೆರೆಯಂಗಳದಲ್ಲಿ, ಸಮುದ್ರ ಮಟ್ಟಕ್ಕಿಂತ ಕೆಳಗೆ. ಇವತ್ತಿಗೂ ನೀರನ್ನು ಆಚೆ ಎತ್ತಿ ಹಾಕುತ್ತಲೇ ಇರಬೇಕು. ಅದನ್ನು ನೋಡಿಕೊಳ್ಳೋಕೇ ಒಂದು ಮಂಡಳಿ, ಅದಕ್ಕೆ ಮನೆಮನೆಯಿಂದ ಕಂದಾಯ. ನಾನೂ ವರ್ಷ ವರ್ಷ ಕಟ್ಟಿದ್ದೇನೆ.

ತಾತ ಬಹಳ ಹೊತ್ತು ಸುಮ್ಮನಿದ್ದರು. "ನೀರು ಆಚೆ ಹಾಕೋಕೆ ದುಡ್ಡು ಕಟ್ಟಿದೀಯ. ನಿಮ್ಮಪ್ಪ ಇಲ್ಲಿ ಒಂದು ಬಿಂದಿಗೆ ನೀರಿಗೆ ನೆಲ ತೂತು ಹಾಕಿಸ್ತಾ ಹಾಕಿಸ್ತಾ ಸವೆದುಹೋದ."

ಬೈದಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು ಅಷ್ಟೆ.

ಮೂರನೇ ಬೋರು ಕೊರೆಸಿದ್ದು 2012ರಲ್ಲಿ. ರಾತ್ರಿಯೆಲ್ಲ ಲಾರಿ ಸದ್ದು. ಅಪ್ಪ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಪೈಪಿನ ಬಾಯಿಯನ್ನೇ ನೋಡುತ್ತಾ ನಿಂತಿದ್ದ. ಒಂದೊಂದು ಪೈಪು ಇಳಿಸುವಾಗಲೂ ಬಗ್ಗಿ ಪುಡಿಯನ್ನು ಅಂಗೈಗೆ ತಗೊಂಡು ಹಿಸುಕೋದು, ತೇವ ಇದೆಯಾ ಅಂತ. 1,300 ಅಡಿಗೂ ಬಿಳಿ ಧೂಳೇ. ಬೆಳಗಾದಾಗ ಪಕ್ಕದ ಟೊಮೆಟೊ ಗಿಡಗಳ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗಿತ್ತು. "ನೀನು ಹೋಗು, ಇಲ್ಲೇನಿದೆ" ಅಂದಿದ್ದು ಆವತ್ತೇ. ಮಾರನೇ ವರ್ಷ ಹೋದೆ. ಸಾಲ ತೀರಿಸಿದೆ. 2017ರ ನವೆಂಬರಿನಲ್ಲಿ ಅಪ್ಪ ಹೋದ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ಬಂತು, ಅಲ್ಲಿಂದ ಕೆರೆ ತುಂಬಿ ಕೆರೆಗೆ ಹರಿದು ನಮ್ಮೂರಿಗೂ ಬಂತು.

ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಡುತ್ತಾರೆ. ಕುಡಿಯೋಕಲ್ಲ, ನೇರವಾಗಿ ಬೆಳೆಗೆ ಹಾಯಿಸೋಕೂ ಅಲ್ಲ, ನೆಲಕ್ಕೆ ಇಂಗಲಿ ಅಂತ. ಮೂರನೇ ಹಂತವೂ ಆಗಲೇಬೇಕು ಅಂತ ಇಲ್ಲಿಯವರು ಕೇಳುತ್ತಾ ಬಂದಿದ್ದಾರೆ. ಅದು ನ್ಯಾಯ ಅಂತಲೇ ನನಗನಿಸುತ್ತೆ. ಆದರೂ ನಮ್ಮ ಮೊದಲನೇ ಬೋರಿನಲ್ಲಿ, ಅಪ್ಪ ಕಲ್ಲು ಮುಚ್ಚಿ ಬಿಟ್ಟಿದ್ದರಲ್ಲಿ, ಈಗ ನೀರು ಬರುತ್ತಿದೆ. ಮೋಟಾರು ಹಾಕಿದಾಗ ಮೊದಲು ಪೈಪು ಕೆಮ್ಮುತ್ತೆ, ಆಮೇಲೆ ದಪ್ಪಕ್ಕೆ ಬಂದು ಬೀಳುತ್ತೆ. ಮೊದಲ ದಿನ ಅಲ್ಲಿ ನಿಂತು ಅತ್ತುಬಿಟ್ಟೆ. ಸಂತೋಷಕ್ಕೋ ಸಂಕಟಕ್ಕೋ ಈಗಲೂ ಗೊತ್ತಾಗುತ್ತಿಲ್ಲ.

ನಾವು ಕ್ರಿಕೆಟ್ ಆಡಿದ ಜಾಗ ನೀರಿನಡಿ ಹೋಗಿದೆ. ಜಾಲಿ ಮರಗಳು ನಿಂತಲ್ಲೇ ಸತ್ತು ಬೆಳ್ಳಗಾಗಿವೆ, ಕೊಂಬೆ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಒಣಗಿಸಿಕೊಳ್ಳುತ್ತಿರುತ್ತವೆ. ಚೆಂದ ಇದೆ. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾದಾಗ ನಾನು ನೆನೆಸಿಕೊಳ್ಳುತ್ತಿದ್ದದ್ದು ಮಾತ್ರ ಒಣ ಕೆರೆಯನ್ನು, ಅದರ ಬಿರುಕನ್ನು.

ಅಮ್ಮ ಇನ್ನೂ ನನಗೆ ನೆಂಟರ ಹೊದಿಕೆಯನ್ನೇ ಹಾಸುತ್ತಾಳೆ. ನೀಲಿ ಹೂವಿನದು, ಟ್ರಂಕಿನ ನುಸಿಗುಳಿಗೆ ವಾಸನೆ. ಹಳೇದು ಸಾಕು ಅಂದರೆ, ಇರಲಿ ಬಿಡು ಅಂತಾಳೆ.

ಊಟ ಆದ ಮೇಲೆ ಹಿದುಕಿದ ಬೇಳೆಗೆ ಅಂತ ಇಬ್ಬರೂ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತೆವು. ಅಮ್ಮನ ಬೆರಳಿಂದ ಕಾಳು ಪುಳಕ್ಕನೆ ಪಾತ್ರೆಗೆ ಬೀಳುತ್ತೆ, ನನ್ನದು ಅರ್ಧ ಮುರಿಯುತ್ತೆ. ಆಗಲೇ ಮಗಳ ಫೋನು. ಸಂಜೆ ತೆಗೆದ ಕೆರೆ ವಿಡಿಯೋ ನೋಡಿದ್ದಳು. ಅಲ್ಲಿ ಮಕ್ಕಳಿಗೆ ಈಜು ಕಲಿಸಿ ಡಿಪ್ಲೊಮಾ ಕೊಡುತ್ತಾರೆ, ಇವಳೂ ತಗೊಂಡಿದ್ದಾಳೆ.

"ಅಲ್ಲಿ ಈಜಬಹುದಾ ಅಪ್ಪಾ?"

ಆಗಲ್ಲ ಅಂದೆ. ಕುಡಿಯಬಹುದಾ? ಅದೂ ಆಗಲ್ಲ, ಕುಡಿಯೋಕೆ ಕ್ಯಾನು ತರ್ತೀವಿ. ಹಾಗಾದ್ರೆ ಯಾಕಿದೆ ಅದು ಅಂದಳು ಡಚ್ಚಿನಲ್ಲಿ. ಇಂಗೋದು ಅನ್ನೋಕೆ ಆ ಭಾಷೆಯ ಮಾತು ಹುಡುಕಿದೆ, ತಕ್ಷಣ ಸಿಗಲಿಲ್ಲ. ಇಪ್ಪತ್ತಾರು ದಿನಕ್ಕೇ!

"ಏನಂತೆ ಮಗು?" ಅಂದಳು ಅಮ್ಮ.

"ಜುಲೈಗೆ ಬರ್ತಾಳಂತೆ" ಅಂದೆ. ಅವಳು ಹಾಗಂದಿರಲಿಲ್ಲ.

ಅಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತೆ ಹಿದುಕತೊಡಗಿದಳು.

ಅಲ್ಲಿ ಶಾಲೆ ಮುಗಿಯೋದೇ ಜುಲೈಗೆ. ಅಷ್ಟರಲ್ಲಿ ಇಲ್ಲಿ ಶುರುವಾಗಿರುತ್ತೆ. ನಾಳೆ ಕೋಲಾರಕ್ಕೆ ಹೋಗಿ ಒಂದೆರಡು ಶಾಲೆಯಲ್ಲಿ ಕೇಳಬೇಕು. ಮಾತಾಡೋಕೆ ಕನ್ನಡ ಬರುತ್ತೆ, ಓದೋಕೆ ಇನ್ನೂ ಅ ಆ ಇ ಈ ಅಷ್ಟೇ ಅಂದರೆ ಯಾವ ತರಗತಿಗೆ ಸೇರಿಸಿಕೊಳ್ತಾರೋ.